ಕೂಗಳತೆ

ನಮ್ಮ ಸೀಮೆಯಲ್ಲಿ ದೂರವನ್ನು ಮೈಲಿಗಳಿಂದ ಅಳೆಯುವುದಕ್ಕೆ ಮೊದಲು ಕೂಗಿನಿಂದ ಅಳೆಯುತ್ತಿದ್ದರು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಅಡಕೆಯ ತೋಟ, ಒಂದು ಹಳ್ಳ, ಅದರಾಚೆಗೊಂದು ಕಾನು, ಇಷ್ಟು ಅಂತರವಿರುವ ಮಲೆನಾಡಿನಲ್ಲಿ “ಕೂಗಳತೆಯ ದೂರ” ಎಂದರೆ ಬಹಳ ಸ್ಪಷ್ಟವಾದ ಅರ್ಥವಿದ್ದಿತು. ನನ್ನ ಅಜ್ಜಿ ಮನೆಯ ಮುಂದಣ ದಣಪೆಯ ಬಳಿ ನಿಂತು ಆಚೆಯ ದಿಬ್ಬದಲ್ಲಿದ್ದ ಅಜ್ಜನನ್ನು ಊಟಕ್ಕೆ ಕರೆಯುತ್ತಿದ್ದುದು ಈಗಲೂ ನನ್ನ ಕಿವಿಯಲ್ಲಿದೆ. ಆಕೆ “ಊಟಕ್ಕೆ ಬನ್ನಿ” ಎಂದು ಎಂದೂ ಕೂಗಲಿಲ್ಲ. ಮಾತು ಹಳ್ಳವನ್ನು ದಾಟುವುದಿಲ್ಲವೆಂದು ಆಕೆಗೆ ತಿಳಿದಿತ್ತು. ಏರಿಳಿತವಿಲ್ಲದ, ಉದ್ದವಾದ, ಒಂದೇ ಸ್ವರದ “ಕೂ” ಎಂಬುದನ್ನು ಉಸಿರಿರುವವರೆಗೂ ಎಳೆಯುತ್ತಿದ್ದಳು, ಅದು ದಾಟುತ್ತಿತ್ತು. ಇದರಲ್ಲಿ ಒಂದು ಭೌತಶಾಸ್ತ್ರದ ತತ್ತ್ವವಡಗಿದೆಯೆಂಬುದು ಮೂವತ್ತು ವರ್ಷ ಕಾಲೇಜಿನಲ್ಲಿ ಆ ಶಾಸ್ತ್ರವನ್ನೇ ಹೇಳಿಕೊಟ್ಟ ನನಗೆ ಹೊಳೆಯಲಿಲ್ಲ. ಅದನ್ನು ನನಗೆ ಹೇಳಿದವಳು ನನ್ನ ತಂಗಿಯ ಮಗಳು. ಹೇಳಿದ ಸಂದರ್ಭ ಸಂತೋಷದ್ದಾಗಿರಲಿಲ್ಲ.

ಸಾಹಿತ್ಯದ ಈ ಪತ್ರಿಕೆಯಲ್ಲಿ ನಿಸ್ತಂತು ವಿದ್ಯೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಸಂಪಾದಕರು ಕೇಳಿದುದು ಮಲೆನಾಡಿನ ಮಳೆಯನ್ನು ಕುರಿತ ಒಂದು ಪ್ರಬಂಧವನ್ನು. ಬರೆಯಲು ಕುಳಿತರೆ ಮಳೆಯೊಡನೆ ಒಂದು ರಾತ್ರಿ ನೆನಪಾಗುತ್ತದೆ. ಆ ರಾತ್ರಿಯೊಡನೆ ಈ ವಿಷಯವೆಲ್ಲ ಬಂದುಬಿಡುತ್ತದೆ. ಆದುದರಿಂದ ಬಂದುದನ್ನೇ ಬರೆದಿದ್ದೇನೆ.

ನಮ್ಮ ತಂಗಿಯ ಮನೆ ಹೊಸನಗರದ ಕಡೆಯ ಒಂದು ಕಣಿವೆಯಲ್ಲಿದೆ. ಮನೆಯ ಹಿಂದಣ ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆ. ಹಿಂದೆ ದನಕಾಯುವ ಹುಡುಗರು ಅದರ ಮೇಲೆ ಕುಳಿತು ಹಣ್ಣು ತಿನ್ನುತ್ತಿದ್ದರು. ಅದಕ್ಕೊಂದು ಹೆಸರು ಕೂಡ ಇರಲಿಲ್ಲ. ಮೊಬೈಲು ಬಂದ ಮೇಲೆ ಅದು “ಸಿಗ್ನಲ್ ಕಲ್ಲು” ಆಯಿತು. ೨೦೨೦ರ ಮಾರ್ಚಿ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಶಾಲೆಯ ಮಕ್ಕಳೆಲ್ಲ ಆ ಕಲ್ಲಿನ ಸುತ್ತ ಸೇರಿದರು. ಅವರ ನಡುವೆ ಕೊಡೆ ಹಿಡಿದು ಕುಳಿತಿದ್ದವಳು ನನ್ನ ಸೊಸೆಮಗಳು, ಮದರಾಸಿನ ಐ.ಐ.ಟಿ.ಯಲ್ಲಿ ನಿಸ್ತಂತು ಸಂಪರ್ಕವನ್ನೇ ಕುರಿತು ಸಂಶೋಧನೆ ಮಾಡುತ್ತಿದ್ದವಳು. (ಊರಿಗೆ ಚೆನ್ನೈ ಎಂದು ಹೆಸರಾಗಿ ಬಹಳ ಕಾಲವಾಯಿತು, ನನ್ನ ಬಾಯಿಗೆ ಅದು ಇನ್ನೂ ಮದರಾಸೇ.) ಸೆಕೆಂಡಿಗೆ ಕೋಟಿಕೋಟಿ ಅಕ್ಷರಗಳನ್ನು ಗಾಳಿಯಲ್ಲಿ ಸಾಗಿಸುವ ವಿದ್ಯೆಯನ್ನು ಕಲಿಯುತ್ತಿದ್ದ ಹುಡುಗಿ ತನ್ನ ಗುರುಗಳೊಡನೆ ನಾಲ್ಕು ಮಾತಾಡಲು ಗುಡ್ಡ ಹತ್ತಬೇಕಾಗಿದ್ದಿತು. ಊರವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆಗ ನಾನೂ ಅಲ್ಲಿಯೇ ಸಿಕ್ಕಿಕೊಂಡಿದ್ದೆ. ಸಂಜೆಯ ಹೊತ್ತು ಅವಳ ಜೊತೆಯಲ್ಲಿ ಗುಡ್ಡ ಹತ್ತುವುದು ನನ್ನ ವಾಡಿಕೆಯಾಯಿತು. ಹೀಗೆ ಒಂದು ದಿನ ತಿಳಿದುಬಂದಿತು, ಅವಳ ಸಂಶೋಧನೆಗೆ ಹಣ ಕೊಡುತ್ತಿದ್ದುದು ಒಂದು ಕಂಪೆನಿ ಎಂಬುದು. ನನಗೆ ಅದು ಒಗ್ಗಲಿಲ್ಲ. ನಾವು ಹಳೆಯ ಕಾಲದವರು. ವಿದ್ಯೆಯನ್ನು ಮಾರಬಾರದೆಂಬ ಮಾತನ್ನು ಎಷ್ಟು ಸಲ ಹೇಳಿದ್ದೆವೆಂದರೆ ಅದನ್ನು ಪರೀಕ್ಷಿಸಿ ನೋಡುವ ಯೋಚನೆಯೇ ಬಂದಿರಲಿಲ್ಲ. ಪ್ರೊಫೆಸರು ಕಾರ್ಖಾನೆಯವನ ಹಣ ತೆಗೆದುಕೊಂಡರೆ ಪ್ರಶ್ನೆಯನ್ನು ಕೇಳುವವನು ಯಾರು, ಪ್ರೊಫೆಸರೋ ಕಾರ್ಖಾನೆಯವನೋ? ನಾನು ಆಚಾರ್ಯ ಜಗದೀಶಚಂದ್ರ ಬೋಸರ ಕಥೆಯನ್ನು ಎತ್ತಿದೆ. ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಗೋಡೆಗಳ ಆಚೆಗೆ ಅಲೆಗಳನ್ನು ಕಳುಹಿಸಿ ಗಂಟೆ ಬಾರಿಸಿ ತೋರಿಸಿದ ಮಹನೀಯರು ಅವರು. ೧೯೦೧ರಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಒಬ್ಬ ತಂತಿ ಕಂಪೆನಿಯ ಧನಿಕನು ಪೇಟೆಂಟಿನ ಕಾಗದವನ್ನೇ ಕೈಯಲ್ಲಿ ಹಿಡಿದು ಬಂದನೆಂದೂ, ತಾವು ಒಪ್ಪಲಿಲ್ಲವೆಂದೂ ಅವರು ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದರು. ಸ್ನೇಹಿತರ ಒತ್ತಾಯದಿಂದ ಒಂದು ಪೇಟೆಂಟು ಅಮೆರಿಕಾದಲ್ಲಿ ೧೯೦೪ರಲ್ಲಿ ಅವರ ಹೆಸರಿಗೆ ಬಂದಿತು. ಅವರು ಅದರಿಂದ ಕಾಸೊಂದನ್ನೂ ಪಡೆಯಲಿಲ್ಲ. “ಇದಲ್ಲವೆ ವಿದ್ವಾಂಸನ ರೀತಿ?” ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಮಾವ, ಬೋಸರು ಉಪಯೋಗಿಸಿದ್ದು ಮಿಲಿಮೀಟರುಗಳಲ್ಲಿ ಅಳೆಯುವ ಅಲೆ. ಈಗ ಐದನೆಯ ತಲೆಮಾರಿನ ಮೊಬೈಲಿಗೆಂದು ನಾವು ಪ್ರಯೋಗಶಾಲೆಯಲ್ಲಿ ಹಿಡಿದಿರುವುದೂ ಆ ಜಾತಿಯ ಅಲೆಯನ್ನೇ. ನಡುವೆ ನೂರಿಪ್ಪತ್ತು ವರ್ಷ ಕಳೆದುಹೋಯಿತು. ಅವರಿಂದ ಕಲಿತು ಇಲ್ಲಿಯೇ ಅದನ್ನು ಮಾಡಿ ಮಾರುವ ಒಂದು ಅಂಗಡಿ ಕಲ್ಕತ್ತೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೀವು ಯೋಚಿಸಿಲ್ಲವೆ?”

ನಾನು ಯೋಚಿಸಿರಲಿಲ್ಲ. ಆದರೂ ಹಿರಿಯನಾದ್ದರಿಂದ ಸೋಲೊಪ್ಪದೆ, ನಮ್ಮ ಮೈಸೂರಿನ ಕಡೆಗೆ ತಿರುಗಿದೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರು ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ರೇಡಿಯೋ ನಿಲಯವನ್ನು ಹೂಡಿ ಹಾಡು, ಮಾತು, ನಾಟಕಗಳನ್ನು ಊರಿಗೆ ಕೇಳಿಸಿದರು. “ಆಕಾಶವಾಣಿ” ಎಂಬ ಅದರ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆ ತಾಳಿತು. ಯಾವ ಕಂಪೆನಿಯೂ ಅವರಿಗೆ ಬೇಕಾಗಲಿಲ್ಲವಲ್ಲ? “ಸರಿ,” ಎಂದಳು, “ಆದರೆ ಆ ನಿಲಯವನ್ನು ಕೇಳುವುದಕ್ಕೆ ಬೇಕಾದ ರೇಡಿಯೋ ಪೆಟ್ಟಿಗೆಯನ್ನು ಯಾರು ಮಾಡಿದರು?” ಅಂದಿನ ವಾದ ಅಲ್ಲಿಗೆ ನಿಂತಿತು. ಉಂಬಳ ಹತ್ತತೊಡಗಿದ್ದುವು, ಇಳಿದುಬಂದೆವು.

ಅನಂತರದ ಸಂಜೆಗಳಲ್ಲಿ ಅವಳು ತನ್ನ ವಿದ್ಯಾಲಯದ ಹಿಂದಿನ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಅದನ್ನು ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ. ಏಕೆಂದರೆ ಟೆಲಿಫೋನಿನ ಬರವನ್ನು ಉಂಡವರು ನಾವು. ನನ್ನ ತಂದೆಯವರು ೧೯೮೪ರಲ್ಲಿ ಅರ್ಜಿ ಹಾಕಿದ ಟೆಲಿಫೋನಿನ ಮಂಜೂರಾತಿ ೧೯೯೩ರಲ್ಲಿ ಅವರ ಹೆಸರಿಗೇ ಬಂದಿತು. ಅವರು ತೀರಿಕೊಂಡು ಆಗ ಮೂರು ವರ್ಷವಾಗಿದ್ದಿತು. ಇದು ನಮ್ಮ ಮನೆಯೊಂದರ ಕಥೆಯಲ್ಲ. ೧೯೯೧ರ ಸುಮಾರಿಗೆ ಇಡೀ ದೇಶದಲ್ಲಿ ಇದ್ದುದು ಐವತ್ತು ಲಕ್ಷದಷ್ಟು ಟೆಲಿಫೋನು, ನೂರು ಜನಕ್ಕೆ ಒಂದೂ ಇಲ್ಲ. ಅದಕ್ಕೆ ಹಿಂದೆಯೇ, ೧೯೮೪ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯವರು ತಂಪುಯಂತ್ರವಿಲ್ಲದೆ ಧೂಳಿನಲ್ಲಿಯೂ ಬಿಸಿಲಿನಲ್ಲಿಯೂ ನಡೆಯುವ ೧೨೮ ಲೈನುಗಳ ಹಳ್ಳಿಯ ಎಕ್ಸ್‌ಚೇಂಜನ್ನು ರಚಿಸಿ, ೧೯೮೬ರಲ್ಲಿ ಮೊದಲಿಗೆ ನಮ್ಮ ಕಿತ್ತೂರಿನಲ್ಲಿಯೇ ಹೂಡಿದ್ದರು. ಎಕ್ಸ್‌ಚೇಂಜೇನೋ ಹಳ್ಳಿಗೆ ಬಂದಿತು. ಅಲ್ಲಿಂದ ಮನೆಯವರೆಗೆ ಎಳೆಯಬೇಕಾದ ತಾಮ್ರದ ತಂತಿಯ ಖರ್ಚು ಇಳಿಯಲಿಲ್ಲ.

ಮದರಾಸಿನ ಪ್ರೊಫೆಸರು ಅಶೋಕ್ ಝುನ್‌ಝುನ್‌ವಾಲಾ ಅವರು ಹಿಡಿದ ಲೆಕ್ಕ ಇದು. ಒಂದು ಹೊಸ ಟೆಲಿಫೋನನ್ನು ಮನೆ ಮುಟ್ಟಿಸಲು ಆಗ ಮೂವತ್ತು ನಾಲ್ವತ್ತು ಸಾವಿರ ರೂಪಾಯಿ ಬೀಳುತ್ತಿತ್ತು. ಹಾಕಿದ ಹಣದ ಬಡ್ಡಿ, ಸವಕಳಿ, ದುರಸ್ತಿ ಎಲ್ಲ ಸೇರಿ ವರ್ಷಕ್ಕೆ ಮೂರನೆಯ ಒಂದು ಪಾಲಾದರೂ ಮರಳಬೇಕೆಂದಿಟ್ಟುಕೊಂಡರೆ ಗಿರಾಕಿಯು ತಿಂಗಳಿಗೆ ಸಾವಿರ ರೂಪಾಯಿ ತೆರಬೇಕು. ೧೯೯೩ರಲ್ಲಿ ಉಪಾಧ್ಯಾಯರ ಮನೆಯಲ್ಲಿ ಅದು ಸಾಧ್ಯವೆ? ಪಶ್ಚಿಮ ದೇಶಗಳಲ್ಲಿ ಖರ್ಚು ಇಷ್ಟೇ ಇದ್ದರೂ ಅಲ್ಲಿಯವರಿಗೆ ಅದು ಭಾರವಲ್ಲ. ಆದುದರಿಂದ ಅದನ್ನು ಇಳಿಸುವ ಆತುರ ಅಲ್ಲಿಯ ಸಂಶೋಧಕರಿಗಿಲ್ಲ. ಈ ಕೆಲಸ ನಮ್ಮದು, ನಾವು ಮಾಡದಿದ್ದರೆ ಇನ್ನಾರೂ ಮಾಡರು, ಎಂಬುದು ಅವರ ವಾದ. ಖರ್ಚನ್ನು ಹತ್ತು ಸಾವಿರಕ್ಕೆ ಇಳಿಸಬೇಕು. ಕೊನೆಯ ತುಂಡು ದಾರಿಯಲ್ಲಿ ತಂತಿಯನ್ನು ಬಿಟ್ಟು ಗಾಳಿಯನ್ನು ಹಿಡಿಯಬೇಕು.

ಅವರೂ, ಅವರ ಸಹೋದ್ಯೋಗಿಗಳಾದ ಭಾಸ್ಕರ್ ರಾಮಮೂರ್ತಿ ಮತ್ತು ಟಿಮೊಥಿ ಗೊನ್ಸಾಲ್ವಿಸ್ ಮೊದಲಾದವರೂ ಸೇರಿ ಕಟ್ಟಿದ ತಂಡಕ್ಕೆ “ಟೆನೆಟ್” ಎಂದು ಹೆಸರು. ಅವರು ಮಾಡಿದ ಏರ್ಪಾಡು ಆ ಕಾಲಕ್ಕೆ ಹೊಸದು. ತಮ್ಮಲ್ಲಿಯೇ ಓದಿದ ಹುಡುಗರನ್ನು ಪರದೇಶಕ್ಕೆ ಹೋಗಗೊಡದೆ ೧೯೯೪ರಲ್ಲಿ ಮಿಡಾಸ್ ಎಂಬ ಕಂಪೆನಿಯನ್ನು ಅವರಿಂದ ಹೂಡಿಸಿದರು. ಸೂಕ್ಷ್ಮವಾದ ಚಿಪ್ಪುಗಳಿಗಾಗಿ ಅಮೆರಿಕಾದ ಅನಲಾಗ್ ಡಿವೈಸಸ್ ಕಂಪೆನಿಯನ್ನು ಪಾಲುಗಾರರನ್ನಾಗಿ ಮಾಡಿಕೊಂಡರು. ಇನ್ನೂ ಹುಟ್ಟದಿದ್ದ ಯಂತ್ರವನ್ನು ಮುಂದೆ ತಯಾರಿಸುವ ಹಕ್ಕಿಗೆ ಭಾರತದ ಕೆಲವು ಕಾರ್ಖಾನೆಗಳವರಿಂದ ಮುಂಗಡವಾಗಿ ಹಣ ಪಡೆದು, ಆ ಹಣದಿಂದಲೇ ಯಂತ್ರವನ್ನು ಹುಟ್ಟಿಸಿದರು! ತೋಟದ ಫಸಲನ್ನು ಹೂವಿನಲ್ಲಿಯೇ ಗುತ್ತಿಗೆ ಕೊಡುವುದನ್ನು ಕಂಡ ನಮಗೆ ಇದು ತೀರ ಅಪರಿಚಿತವಾದ ವ್ಯವಹಾರವಲ್ಲ. ಆದರೆ ಪ್ರೊಫೆಸರುಗಳು ಅದನ್ನು ಮಾಡಿದರೆಂಬುದು ವಿಶೇಷ.

ಆ ಯಂತ್ರವೇ “ಕಾರ್‌ಡೆಕ್ಟ್”. ಯೂರೋಪಿನಲ್ಲಿ ಮನೆಯೊಳಗೂ ಕಚೇರಿಯೊಳಗೂ ತಂತಿಯಿಲ್ಲದೆ ಮಾತಾಡಲೆಂದು ಮಾಡಿಕೊಂಡಿದ್ದ ಪದ್ಧತಿಯೊಂದನ್ನು ಇವರು ಆರಿಸಿಕೊಂಡರು. ಅದರಲ್ಲಿ ಒಂದು ಸೆಕೆಂಡಿನ ನೂರನೆಯ ಒಂದು ಭಾಗವನ್ನು ೨೪ ತುಂಡುಮಾಡಿ ಹನ್ನೆರಡು ಜನಕ್ಕೆ ಸರದಿಯಂತೆ ಹಂಚುತ್ತಾರೆ, ಒಂದು ತುಂಡು ಹೇಳಲು, ಒಂದು ತುಂಡು ಕೇಳಲು. ದೂರದಿಂದ ಬರುವ ಅಲೆ ಹೆಚ್ಚು ತಡವಾದರೆ ಪಕ್ಕದವರ ಸರದಿಯ ಮೇಲೆ ಬೀಳುತ್ತದೆ; ಆದ್ದರಿಂದ ಆ ಪದ್ಧತಿ ಕೆಲವು ಕಿಲೋಮೀಟರುಗಳಾಚೆಗೆ ನಡೆಯುತ್ತಿರಲಿಲ್ಲ. ಮದರಾಸಿನವರು ಆ ತಡವನ್ನು ಮೊದಲೇ ಲೆಕ್ಕಹಾಕಿ ಸರಿದೂಗಿಸಿದರು, ಮನೆಯ ಮಾಡಿನ ಮೇಲೆ ಗೋಪುರಕ್ಕೆ ಮುಖಮಾಡಿದ ಆಂಟೆನ್ನಾ ನಿಲ್ಲಿಸಿದರು. ಹತ್ತು ಕಿಲೋಮೀಟರು ಸಾಗಿತು. ನಡುವೆ ಇನ್ನೊಂದು ಗೋಪುರವಿಟ್ಟು ದಾಟಿಸಿದರೆ ಇಪ್ಪತ್ತೈದು. ಮೇಲಾಗಿ, ಮಾತಾಡುತ್ತಿರುವಾಗಲೇ ಸೆಕೆಂಡಿಗೆ ೩೫ ಸಾವಿರ ಬಿಟ್ಟುಗಳ ಇಂಟರ್ನೆಟ್ಟು. ಈಗಿನವರಿಗೆ ಇದು ನಗೆಗೀಡು. ಆಗ ಹಳ್ಳಿಗೆ ಅದು ದೊಡ್ಡ ಹೊಳೆ.

೨೦೦೧ರ ಹೊತ್ತಿಗೆ ಮಧುರೆಯ ಬಳಿಯ ಮೇಲೂರಿನ ಸುತ್ತಣ ಹಳ್ಳಿಗಳಲ್ಲಿ ಇದರ ಬಲದಿಂದ ಕಂಪ್ಯೂಟರಿನ ಸಣ್ಣ ಅಂಗಡಿಗಳು ತೆರೆದುವು. ಕಣ್ಣುನೋವಿನ ಮುದುಕಿಯೊಬ್ಬಳು ಅಂಗಡಿಗೆ ಬಂದರೆ ಅವಳ ಕಣ್ಣಿನ ಚಿತ್ರ ತೆಗೆದು ಮಧುರೆಯ ಅರವಿಂದ ಕಣ್ಣಾಸ್ಪತ್ರೆಗೆ ಕಳುಹಿಸುವರು. ಬರಬೇಕೆ, ಬರುವ ಕಾರಣವಿಲ್ಲವೆ, ಎಂದು ಅಲ್ಲಿಂದ ಉತ್ತರ ಬರುವುದು. ಒಂದು ದಿನದ ಕೂಲಿ, ಬಸ್ಸಿನ ಹಣ ಉಳಿಯಿತು ಎಂಬುದಷ್ಟೇ ಅಲ್ಲ, ಕಣ್ಣೇ ಉಳಿದುದೂ ಉಂಟಾಗಿರಬೇಕು.

ಆಮೇಲೆ? ಆಮೇಲೆ ಆ ಯಂತ್ರ ಸೋತಿತು. ಇದನ್ನು ನನ್ನ ಸೊಸೆಮಗಳು ಮುಚ್ಚಿಡದೆ ಹೇಳಿದಳು. ೨೦೦೩ರಿಂದೀಚೆಗೆ ಕೈಯಲ್ಲಿ ಹಿಡಿದು ಓಡಾಡುವ ಮೊಬೈಲು ಅಗ್ಗವಾಗುತ್ತಾ ಬಂದಿತು. ಮಾಡಿನ ಮೇಲಣ ಆಂಟೆನ್ನಾ ಯಾರಿಗೆ ಬೇಕು? ಅಂಗಡಿಗಳು ಒಂದೊಂದಾಗಿ ಮುಚ್ಚಿದುವು. ನಾನು ಗೆದ್ದವನಂತೆ, “ಹಾಗಾದರೆ ಕಂಪೆನಿ ಕಟ್ಟಿ ಬಂದುದೇನು?” ಎಂದೆ. “ಕೈ ಬಂದಿತು, ಮಾವ” ಎಂದಳು. ಯಂತ್ರ ಹೋದರೂ ಮಾಡಿದ ಕೈಗಳು ಉಳಿದುವು ಎಂಬುದು ಅವಳ ಅರ್ಥ. ಈ ಮಾತಿನ ಬೆಲೆ ನನಗೆ ತಿಳಿಯಲು ಇನ್ನೊಂದು ವರ್ಷ ಹಿಡಿಯಿತು.

೨೦೨೧ರ ಜುಲೈ. ಆಷಾಢದ ಮಳೆ ಹಿಡಿದು ಒಂಬತ್ತು ದಿನವಾಗಿದ್ದಿತು. ರಾತ್ರಿ ಊಟ ಮುಗಿಸಿ ಎಲೆಯಡಕೆಯ ಹರಿವಾಣಕ್ಕೆ ಕೈಯಿಟ್ಟ ನಮ್ಮ ಭಾವನವರು ಅಡಕೆಯನ್ನು ಎತ್ತಲಾರದೆ ಹೋದರು. ಮಾತು ತೊದಲಿತು, ಬಾಯಿ ಒಂದು ಕಡೆಗೆ ವಾಲಿತು. ಪಾರ್ಶ್ವವಾಯುವೆಂದು ನೋಡಿದೊಡನೆ ತಿಳಿಯಿತು. ಮನೆಯ ತಂತಿಯ ಟೆಲಿಫೋನು ಹಿಂದಿನ ಮಳೆಗಾಲದಲ್ಲಿಯೇ ಸತ್ತಿದ್ದಿತು. ದುರಸ್ತಿಗೆ ಬರೆದುಕೊಟ್ಟ ಅರ್ಜಿಗಳ ಕಥೆ ಇಲ್ಲಿ ಬೇಡ. ಹುಡುಗಿ ಕಂಬಳಿಕೊಪ್ಪೆ ಹೊದ್ದು ಬ್ಯಾಟರಿ ಹಿಡಿದು ಗುಡ್ಡಕ್ಕೆ ಓಡಿದಳು. ನಾನು ಭಾವನವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ತಂಗಿ ದೇವರ ಮುಂದೆ ದೀಪ ಹಚ್ಚಿದಳು, ಗಾಳಿಗೆ ಆರಿತು, ಮತ್ತೆ ಹಚ್ಚಿದಳು. ಮುಕ್ಕಾಲು ಗಂಟೆಯಾದರೂ ಹುಡುಗಿ ಇಳಿದುಬರಲಿಲ್ಲ.

ಇಳಿದುಬಂದಾಗ ಅವಳ ಕಾಲೆಲ್ಲ ರಕ್ತ. ಕರೆ ಹೋಗಿತ್ತು, ಆದರೆ ಇಪ್ಪತ್ತನೆಯ ಸಲಕ್ಕೋ ಏನೋ. ಗಾಡಿ ಬಂದು, ಬಿದ್ದ ಮರವನ್ನು ಕಡಿಸಿ ಸರಿಸಿ, ಶಿವಮೊಗ್ಗೆಯನ್ನು ಸೇರುವ ಹೊತ್ತಿಗೆ ಬೆಳಗಿನ ಜಾವ. ಇಂಥ ರೋಗಕ್ಕೆ ನಾಲ್ಕೂವರೆ ಗಂಟೆಯೊಳಗೆ ಕೊಡಬಹುದಾದ ಒಂದು ಔಷಧವುಂಟಂತೆ. ಆ ಗಳಿಗೆ ಮೀರಿದ್ದಿತು. ಭಾವನವರು ಬದುಕಿದರು. ಬಲಗೈ ಮರಳಲಿಲ್ಲ. ಐವತ್ತು ವರ್ಷ ಕೊನೆ ತೆಗೆಸಿ ಲೆಕ್ಕ ಬರೆದ, ಊರಿನ ಹತ್ತು ಮನೆಗಳ ಪತ್ರ ಬರೆದುಕೊಟ್ಟ, ಮುದ್ದಾದ ಅಕ್ಷರದ ಕೈ ಅದು.

ಆಸ್ಪತ್ರೆಯ ಜಗಲಿಯಲ್ಲಿ ಕುಳಿತಿದ್ದಾಗ ಅವಳು ನನಗೆ ಹೇಳಿದುದನ್ನು ನಾನು ಮರೆಯಲಾರೆ. “ಮಾವ, ಕಲ್ಲಿನ ಮೇಲೆ ನಿಂತಾಗ ಫೋನಿನಲ್ಲಿ ಗೆರೆ ಕಾಣುತ್ತಿತ್ತು. ಗೋಪುರದ ಕೂಗು ನನಗೆ ಕೇಳುತ್ತಿತ್ತು. ನನ್ನ ಕೂಗು ಅದಕ್ಕೆ ಕೇಳುತ್ತಿರಲಿಲ್ಲ.” ಗೋಪುರಕ್ಕೆ ದೊಡ್ಡ ಗಂಟಲು, ವಿದ್ಯುತ್ತಿನ ಬೆಂಬಲ, ಅಂಗೈಯಗಲದ ಫೋನಿಗೆ ಇರುವುದು ಒಂದು ಸಣ್ಣ ಉಸಿರು. ನಗರದಲ್ಲಿ ಗೋಪುರಗಳು ಒತ್ತಾಗಿರುವುದರಿಂದ ಈ ಭೇದ ಕಾಣುವುದಿಲ್ಲ. ಹಳ್ಳಿಯಲ್ಲಿ ಇದೇ ಪ್ರಾಣಕ್ಕೆ ಬರುತ್ತದೆ. ಐದನೆಯ ತಲೆಮಾರಿನ ಪದ್ಧತಿಗೆ ಜಗತ್ತಿನವರು ನಿಯಮ ಬರೆಯುತ್ತಿದ್ದಾಗ ಹಳ್ಳಿಗಾಡಿನ ಗೋಪುರಗಳ ನಡುವೆ ೧.೭ ಕಿಲೋಮೀಟರು ಎಂದು ಇಟ್ಟುಕೊಂಡಿದ್ದರಂತೆ. ಯಾವ ದೇಶದ ಹಳ್ಳಿಯೋ! ನಮ್ಮಲ್ಲಿ ಗಾಜಿನ ತಂತಿ ಬಂದರೆ ಗ್ರಾಮಪಂಚಾಯಿತಿಯವರೆಗೆ ಬಂದೀತು, ಗೋಪುರವೂ ಅಲ್ಲಿಯೇ ನಿಂತೀತು. ಸುತ್ತಣ ಹಳ್ಳಿಗಳನ್ನೆಲ್ಲ ಅದೊಂದೇ ಮುಟ್ಟಬೇಕಾದರೆ ಆರು ಕಿಲೋಮೀಟರಿನ ಅಂತರಕ್ಕೂ ಪದ್ಧತಿ ನಡೆಯಬೇಕೆಂದು ಭಾರತದ ಪಂಡಿತರೂ ಕಂಪೆನಿಗಳವರೂ ಸೇರಿದ ಟಿ.ಎಸ್.ಡಿ.ಎಸ್.ಐ. ಎಂಬ ಸಂಸ್ಥೆಯ ಮೂಲಕ ಹಟ ಹಿಡಿದರು. ಮದರಾಸಿನಲ್ಲಿ ಹಿಂದಿನ ಆ ಕೈಗಳಿಂದಲೇ ಬೆಳೆದ ನಿಸ್ತಂತು ಕೇಂದ್ರದವರೂ, ಹೈದರಾಬಾದಿನ ಐ.ಐ.ಟಿ.ಯವರೂ ಅದರಲ್ಲಿ ಮುಂದು. ಅಂತಾರಾಷ್ಟ್ರೀಯ ಸಂಘದವರು ಆ ಆರು ಕಿಲೋಮೀಟರನ್ನು ಪರೀಕ್ಷೆಯಲ್ಲಿ ಸೇರಿಸಿದರು.

ಅಷ್ಟು ದೂರಕ್ಕೆ ಫೋನಿನ ಸಣ್ಣ ಉಸಿರು ಸಾಗುವುದು ಹೇಗೆ? ಇಲ್ಲಿಯೇ ಅಜ್ಜಿ ಬಂದದ್ದು. ಏರಿಳಿತವುಳ್ಳ ಮಾತನ್ನು ಕೂಗುವವನು ಅತಿ ಎತ್ತರದ ಸ್ವರಕ್ಕಾಗಿ ಉಸಿರನ್ನು ಕಾದಿಟ್ಟುಕೊಳ್ಳಬೇಕು. ಆದ್ದರಿಂದ ಉಳಿದ ಹೊತ್ತೆಲ್ಲ ಶಕ್ತಿಗಿಂತ ಕಡಮೆಯಾಗಿಯೇ ಕೂಗುತ್ತಾನೆ. ಸಮಸ್ವರದಲ್ಲಿ ಕೂಗುವವನು ಮೊದಲಿನಿಂದ ಕೊನೆಯವರೆಗೂ ಪೂರ್ಣಶಕ್ತಿಯನ್ನು ಹಾಕಬಹುದು. ಫೋನಿನ ಅಲೆಯನ್ನು ಏರಿಳಿತವಿಲ್ಲದಂತೆ ತಿದ್ದಿ ಕಳುಹಿಸಿದರೆ ಅದೇ ಸಣ್ಣ ಯಂತ್ರ ಸುಮಾರು ಎರಡರಷ್ಟು ಬಲವಾಗಿ ಕೂಗಬಲ್ಲದು. ಸಾಗುವ ಅಕ್ಷರಗಳು ಕಡಮೆ. ಆದರೆ ಹಳ್ಳ ದಾಟುತ್ತವೆ. “ನನ್ನ ಪ್ರಬಂಧದ ಒಂದು ಭಾಗ ಇದನ್ನು ಕುರಿತದ್ದೇ” ಎಂದಳು. ಮುಖವನ್ನು ಆ ಕಡೆ ತಿರುಗಿಸಿಕೊಂಡಳು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ನಾನು ಸತ್ಯಕ್ಕೆ ತಪ್ಪಿದಂತೆ. ಅವಳು ಆ ಭಾಗವನ್ನು ಬರೆದು ಮುಗಿಸಿದಾಗ ಹಣ ಕೊಟ್ಟ ಕಂಪೆನಿಯ ವಕೀಲರು ಅದನ್ನು ಪ್ರಕಟಿಸಗೊಡಲಿಲ್ಲ. ಪೇಟೆಂಟು ಹಾಕುವವರೆಗೆ ತಡೆಯಿರೆಂದರು; ಹನ್ನೊಂದು ತಿಂಗಳು ತಡೆದರು. ಅಷ್ಟರಲ್ಲಿ ಬಹುಮಟ್ಟಿಗೆ ಅದೇ ಫಲವನ್ನು ಬೇರೊಂದು ದೇಶದವರು ಪ್ರಕಟಿಸಿಬಿಟ್ಟರು. ಅವಳದು ಎರಡನೆಯದಾಯಿತು. ಬೋಸರ ಮಾತು ನನ್ನ ನಾಲಗೆಯ ತುದಿಗೆ ಬಂದಿದ್ದಿತು, ಆಡಲಿಲ್ಲ. ಅವಳ ತಂದೆಯ ಎಡಗೈಗೆ ಅವಳು ಚಮಚೆ ಹಿಡಿಯುವುದನ್ನು ಕಲಿಸುತ್ತಿದ್ದ ಹೊತ್ತು ಅದು. ನನ್ನ ಅಭಿಪ್ರಾಯವೇನೋ ಈಗಲೂ ಇದೇ: ಹಣ ಕೊಟ್ಟವರು ಯಂತ್ರದ ಹಕ್ಕನ್ನು ಕೇಳಲಿ, ತಪ್ಪಿಲ್ಲ, ಹುಡುಗರ ಕಾಲವನ್ನು ಬೀಗ ಹಾಕಿ ಇಡುವ ಹಕ್ಕನ್ನು ವಿಶ್ವವಿದ್ಯಾನಿಲಯಗಳು ಅವರಿಗೆ ಬರೆದುಕೊಡಬಾರದು. ಅವಳು ಅಷ್ಟನ್ನು ಒಪ್ಪುತ್ತಾಳೆ. ಆದರೆ ಆ ಕಂಪೆನಿ ಕೊಟ್ಟ ಅಳತೆಯ ಯಂತ್ರವಿಲ್ಲದಿದ್ದರೆ ಆ ಫಲವೇ ದೊರೆಯುತ್ತಿರಲಿಲ್ಲವೆಂದೂ ಸೇರಿಸುತ್ತಾಳೆ. ನನಗೆ ಉತ್ತರವಿಲ್ಲ.

ಭಾರತದ ಆ ಪದ್ಧತಿ “೫ಜಿ-ಐ” ಎಂಬ ಹೆಸರಿನಲ್ಲಿ ಅಂತಾರಾಷ್ಟ್ರೀಯ ಮನ್ನಣೆ ಪಡೆಯಿತು. ಆದರೆ ನಮ್ಮ ಮೊಬೈಲು ಕಂಪೆನಿಗಳೇ ಅದನ್ನು ಒಲ್ಲೆವೆಂದುವು: ಒಂದು ದೇಶಕ್ಕೆಂದು ಬೇರೆ ಫೋನು ಮಾಡಿದರೆ ಬೆಲೆ ಏರುತ್ತದೆ ಎಂಬುದು ಅವುಗಳ ತಕರಾರು, ಅದು ಸುಳ್ಳೂ ಅಲ್ಲ. ಕೊನೆಗೆ ೨೦೨೨ರಲ್ಲಿ ಅದರ ಸಾರವನ್ನು ಜಗತ್ತಿನ ಸಾಮಾನ್ಯ ಪದ್ಧತಿಯಲ್ಲಿಯೇ ಬೆರೆಸಿದರು. ಬೇರೆ ಹೆಸರು ಹೋಯಿತು. ಆ ವರ್ಷವೇ ಮೇ ೧೭ರಂದು ಎಂಟು ವಿದ್ಯಾಸಂಸ್ಥೆಗಳು ಸುಮಾರು ೨೨೦ ಕೋಟಿ ರೂಪಾಯಿಯ ವೆಚ್ಚದಲ್ಲಿ ಕೂಡಿ ಕಟ್ಟಿದ ಪರೀಕ್ಷಾ ಜಾಲವೊಂದು ತೆರೆಯಿತು. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟೂ ಅದರಲ್ಲಿ ಸೇರಿದೆ. ತಾನು ಮಾಡಿದ ಯಂತ್ರವನ್ನು ಪರೀಕ್ಷಿಸಲು ಸಣ್ಣ ಕಂಪೆನಿಯವನು ಪರದೇಶಕ್ಕೆ ಹೋಗಬೇಕಾಗಿಲ್ಲ.

ನನ್ನ ಸೊಸೆಮಗಳು ಪದವಿ ಪಡೆದಳು. ಪರದೇಶದಿಂದ ಕರೆ ಬಂದಿದ್ದಿತು. ನಾನು ಹೋಗೆಂದೇ ಹೇಳಿದೆ. ತಾಯಿ ಏನೂ ಹೇಳಲಿಲ್ಲ. ಅವಳು ಬೆಂಗಳೂರಿನಲ್ಲಿ ಗೋಪುರಗಳ ರೇಡಿಯೋ ಮಾಡುವ ಒಂದು ಕಂಪೆನಿಯನ್ನು ಸೇರಿದಳು. ವಾರಕ್ಕೊಂದು ದಿನ ಹಳೆಯ ಗುರುಗಳ ಪ್ರಯೋಗಶಾಲೆಯೊಡನೆ ಕೆಲಸ ಎಂದು ಕರಾರಿನಲ್ಲಿಯೇ ಬರೆಸಿಕೊಂಡಳಂತೆ. ಪ್ರಕಟಣೆಯನ್ನು ಮೂರು ತಿಂಗಳಿಗಿಂತ ಹೆಚ್ಚು ತಡೆಯಬಾರದೆಂಬುದನ್ನೂ ಬರೆಸಿದ್ದಾಳೆ. ಇದನ್ನು ನನಗೆ ಹೇಳುವಾಗ ಸ್ವಲ್ಪ ನಕ್ಕಳು.

ಹೋದ ವರ್ಷ ನಮ್ಮ ಆಚೆಯ ದಿಬ್ಬದ ಮೇಲೆ ಒಂದು ಗೋಪುರ ಎದ್ದಿದೆ. ಹಿಂದೆ ಅಜ್ಜ ಕೆಲಸ ಮಾಡುತ್ತಿದ್ದ ದಿಬ್ಬವೇ. ಕರೆಂಟು ಹೋಗಿ ಬ್ಯಾಟರಿ ತೀರಿದರೆ ಅದೂ ಮೌನ. ಮಳೆಗಾಲದಲ್ಲಿ ಅದು ಆಗಾಗ ತೀರುತ್ತದೆ. ಆಗ ಮಕ್ಕಳು ಮತ್ತೆ ಕಲ್ಲಿನ ಕಡೆಗೆ ಓಡುತ್ತಾರೆ. ಉಳಿದ ದಿನಗಳಲ್ಲಿ ಸಂಜೆ ಏಳಕ್ಕೆ ಸರಿಯಾಗಿ ಭಾವನವರು ಜಗಲಿಯಲ್ಲಿ ಕುಳಿತು ಎಡಗೈಯ ಹೆಬ್ಬೆರಳಿನಿಂದ ಮಗಳ ಹೆಸರನ್ನು ಒತ್ತುತ್ತಾರೆ. ಮಾತು ಇನ್ನೂ ಸ್ಪಷ್ಟವಿಲ್ಲ. ಅವರು ಮೊದಲು ಉದ್ದವಾಗಿ ಒಂದು ಸ್ವರ ಎಳೆಯುತ್ತಾರೆ. ಆ ಕಡೆಯಿಂದ ಅವಳೂ ಹಾಗೆಯೇ ಎಳೆಯುತ್ತಾಳೆ. ಆಮೇಲೆ ತಂಗಿ ಫೋನನ್ನು ಕಸಿದುಕೊಂಡು ಊಟವಾಯಿತೇ ಎಂದು ಕೇಳುತ್ತಾಳೆ.